ಏಳನೇ ಗುಂಡಿಯ ಮರಳು

ಚಟ್ಟವನ್ನು ಕಲ್ಲಿನ ಮೇಲಿಳಿಸಿದರು. ತಲೆಯ ಕಡೆ ಹೆಗಲು ಕೊಟ್ಟವರು ಕಾಲಿನ ಕಡೆಗೆ ಬಂದರು, ಕಾಲಿನ ಕಡೆಯವರು ತಲೆಯ ಕಡೆಗೆ ಹೋದರು. ಪಿಳ್ಳಣ್ಣನ ಹೆಣದ ದಿಕ್ಕು ತಿರುಗಿತು. ಊರಿನಲ್ಲಿ ಸತ್ತವರನ್ನೆಲ್ಲ ತಿರುಗಿಸುವುದು ಇದೇ ಕಲ್ಲಿನ ಮೇಲೆ. ತಿರುಗಿಸಿದರೆ ಹೋದವನಿಗೆ ಮನೆಯ ದಾರಿ ಮರೆಯುತ್ತದೆಯಂತೆ, ಆಮೇಲೆ ಹೆಣ ಮತ್ತೆ ಊರೊಳಗೆ ಬರುವಂತಿಲ್ಲ. ಎಲ್ಲ ಶಾಸ್ತ್ರವೂ ಸರಿಯಾಗಿಯೇ ನಡೆಯಿತು. ಎದುರಿನ ಗೇಟು ತೆಗೆಸುವುದೊಂದು ಬಾಕಿ ಇತ್ತು.

"ಮೊದ್ಲು ಕ್ಲಬ್ಬಿನೋರ್ನ ಕೇಳ್ಬೇಕಿತ್ತು, ಭಾವ," ಎಂದಳು ಹೆಂಡತಿ ಮಾರಕ್ಕ.

"ಇಷ್ಟು ವರ್ಷ ಇಲ್ಲೇ ದುಡಿದೋನು ಕಣಮ್ಮ. ಸತ್ತೋನ್ನ ಬ್ಯಾಡ ಅಂತಾರಾ?" ಎಂದ ಪಿಳ್ಳಣ್ಣನ ಅಣ್ಣ ಚಿನ್ನಸ್ವಾಮಿ. ಕಲ್ಲು ಕಂಡ ಕೂಡಲೇ ಅಭ್ಯಾಸಬಲದಿಂದ "ಇಳ್ಸಿ" ಎಂದವನು ಅವನೇ. ಈಗ ಅವನ ದನಿಯಲ್ಲೂ ಗಟ್ಟಿತನವಿರಲಿಲ್ಲ.

ಗೇಟಿನಾಚೆ ಗಾಲ್ಫ್ ಕ್ಲಬ್ಬು. ಅದರ ಯಜಮಾನರು ಯಾವುದೋ ಮರುಭೂಮಿಯ ದೇಶದಲ್ಲಿ ಆಡಿ ಬಂದು, ಬೂದಿಗೆರೆ ಪಕ್ಕದಲ್ಲೂ ಅಂಥದೇ ಬೇಕೆಂದು ಹಟ ಹಿಡಿದವರು. ರಾಗಿ ಹೊಲಗಳು ಮಟ್ಟವಾದವು. ಲಾರಿಗಟ್ಟಲೆ ಬಿಳಿ ಮರಳು ಬಂತು. ತಾನಾಗಿ ಬೆಳೆದಿದ್ದ ಈಚಲು ಮರಗಳನ್ನು ಕಡಿಸಿ, ಕ್ರೇನಿನಲ್ಲಿ ಖರ್ಜೂರದ ಮರಗಳನ್ನು ತರಿಸಿ ನೆಟ್ಟರು. ದುಡ್ಡಿದ್ದವರ ಮರುಭೂಮಿ, ಹೊತ್ತು ಹೊತ್ತಿಗೆ ನೀರು ಕುಡಿದು ತಣ್ಣಗಿತ್ತು. ಅದರೊಳಗೆಲ್ಲೋ ಮಾರಕ್ಕನ ಮಗಳು ನವ್ಯಶ್ರೀ ಇದ್ದಳು. ಶಾಲೆಗೆ ಸೇರಿಸುವ ಮೊದಲೇ ಜ್ವರ ಬಂದು ತೀರಿಹೋದ ಕೂಸು. ಅಲ್ಲೇ ಹೂತಿದ್ದರು, ಆಗ ಅದು ಅವರದೇ ಹೊಲವಾಗಿತ್ತು.

ಮ್ಯಾನೇಜರ್ ರವಿಚಂದ್ರ ಪುಟ್ಟ ಬ್ಯಾಟರಿ ಗಾಡಿಯಲ್ಲಿ ಬಂದು, ಹೆಣ ಕಂಡು ಟೋಪಿ ತೆಗೆದ.

"ಒಳಗೆ ಗೆಸ್ಟ್ ಆಡ್ತಿದಾರಮ್ಮ."

"ಆಟ ಮುಗೀಲಿ ಸಾರ್, ಕಾಯ್ತೀವಿ."

"ಮುಗಿದ್ಮೇಲೂ ಆಗಲ್ಲಮ್ಮ. ಅದು ಕ್ಲಬ್ ಜಾಗ. ನಾನು ಗೇಟ್ ತೆಗೆದ್ರೆ ನಾಳೆ ನಂಗೆ ಕೆಲಸ ಇರಲ್ಲ."

"ಒಂದು ಮೂಲೇಲಿ ಸಾಕು. ನನ್ ಮಗು ಒಂದೇ ಐತೆ ಸಾರ್ ಅಲ್ಲಿ. ಅವರಪ್ಪನ್ನ ಅದರ ಹತ್ರ ಮಲಗಿಸ್ಬೇಕು, ಅಷ್ಟೇ." ಮಾರಕ್ಕ ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಅವನ ಬೂಟು ಹಿಡಿಯಲು ಹೋದಳು. ಅವನು ಹಿಂದೆ ಸರಿದ.

*

ಹೊಲಕ್ಕೆ ಯಂತ್ರ ಬಂದ ದಿನ ಅವಳು ಗಂಡನಿಗೆ, "ಮಗೂನೂ ಸೇರ್ಸಿ ಮಾರ್ಬಿಟ್ರಲ್ಲ," ಎಂದಿದ್ದಳು. ಮಗಳು ಎಲ್ಲಿದ್ದಾಳೆಂದು ಕೇಳಿದರೆ, "ಎಲ್ಲ ಒಂದೇ ಆಗೋಯ್ತು, ಗೊತ್ತಾಗಲ್ಲ," ಎಂದು ಅವನು ತಲೆ ತಗ್ಗಿಸಿದ್ದ. ಅದೇ ಕ್ಲಬ್ಬಿನಲ್ಲಿ, ಹಲ್ಲುಹಲ್ಲಿನ ರೇಕು ಎಳೆದು ಮರಳು ಸಮ ಮಾಡುವ ಕೆಲಸಕ್ಕೂ ಸೇರಿದ. ಅವಳ ಹೊಟ್ಟೆಯ ಬೆಂಕಿ ಅಂದಿನಿಂದ ಆರಲಿಲ್ಲ.

ವರ್ಷಕ್ಕೊಮ್ಮೆ ಕೆಲಸದವರಿಗೂ ಅಲ್ಲಿ ಆಡಲು ಬಿಡುತ್ತಿದ್ದರು, ಮನೆಯವರು ಕುರ್ಚಿ ಹಾಕಿಕೊಂಡು ನೋಡಬಹುದು. ಒಂದು ಸಲ ಮಾರಕ್ಕನೂ ಹೋಗಿದ್ದಳು. ಯಾರದೋ ಬೂಟು ತೊಟ್ಟ ಪಿಳ್ಳಣ್ಣ ಆರು ಗುಂಡಿಗಳಿಗೆ ಹೇಗೋ ಚೆಂಡು ಹಾಕಿದ. ಏಳನೆಯದರಲ್ಲಿ ಚೆಂಡು ಒಂದು ಬಂಡೆಯ ಪಕ್ಕದ ಮರಳಿಗೆ ಬಿತ್ತು. ಕೋಲೆತ್ತಿದ, ಹೊಡೆಯಲಿಲ್ಲ. ಮತ್ತೆ ಎತ್ತಿದ, ಇಳಿಸಿದ. "ಹೊಡೀ ಗುರು!" ಎಂದು ಎಲ್ಲರೂ ಕೂಗಿದರು. ಅವನು ಕೋಲು ಬಿಸಾಡಿ, ಮಂಡಿಯೂರಿ, ಚೆಂಡನ್ನು ಕೈಯಿಂದಲೇ ಎತ್ತಿಕೊಂಡು ಅಂಗೈಯಿಂದ ಮರಳು ಸವರಿದ. ಜನ ಬಿದ್ದು ಬಿದ್ದು ನಕ್ಕರು. ಮಾರಕ್ಕನಿಗೆ ನಾಚಿಕೆಯಿಂದ ಸಾಯುವಂತಾಯಿತು.

"ಎಲ್ಲರೆದುರು ಮಾನ ಕಳದ್ರಿ," ಎಂದಳು ದಾರಿಯಲ್ಲಿ.

"ಆಟ ಬರಲ್ಲ ಕಣೇ ನಂಗೆ," ಎಂದ ಅವನು.

*

"ಅಕ್ಕಾ." ಗೇಟಿನೊಳಗೆ ಯೂನಿಫಾರ್ಮಿನಲ್ಲಿ ನಿಂತಿದ್ದ ಬೈರೇಶ್ ಮೂಗು ಒರೆಸಿಕೊಂಡ. ಪಿಳ್ಳಣ್ಣನ ಜೊತೆ ಕೆಲಸ ಮಾಡುತ್ತಿದ್ದವನು. "ಆ ಬಂಡೆ ಕಾಣ್ತದಲ್ಲ, ಏಳನೇ ಗುಂಡಿ. ಅದರ ಪಕ್ಕದ ಮರಳ ಕೆಳಗೇನೇ ನಿಮ್ ಮಗು. ಬಂಡೆ ಕೀಳೋಕಾಗ್ಲಿಲ್ಲ, ಅದಕ್ಕೇ ಪಿಳ್ಳಣ್ಣಂಗೆ ಗುರುತು ಸಿಕ್ತು. ಆ ಮರಳಿಗೆ ಇನ್ನೊಬ್ರನ್ನ ರೇಕು ಹಾಕೋಕೆ ಬಿಡ್ತಿರ್ಲಿಲ್ಲ. ಹಿಂದೆ ಹಿಂದೆ ನಡೀತಾ ಎಳೀತಿದ್ದ, ಒಂದು ಹೆಜ್ಜೆ ಗುರುತೂ ಉಳೀದಂಗೆ."

ಮಾರಕ್ಕ ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಳು. "ನಂಗ್ಯಾಕೆ ಹೇಳ್ಲಿಲ್ಲ ಅವ್ರು?"

"ಹೇಳಿದ್ರೆ ಓಡಿ ಬರ್ತಾಳೆ, ಗೇಟಲ್ಲಿ ತಡೀತಾರೆ, ಅದನ್ನ ನನ್ ಕಣ್ಣಲ್ಲಿ ನೋಡೋಕಾಗಲ್ಲ ಅಂತಿದ್ದ."

ಅವಳು ಸರಳುಗಳಿಗೆ ಹಣೆ ಚಚ್ಚಿಕೊಂಡಳು. ಅಷ್ಟು ವರ್ಷ ಒಂದೇ ಸೂರಿನಡಿ ಅವನನ್ನು ಬೈದ ಬೈಗುಳವೆಲ್ಲ ಈಗ ಒಂದೊಂದಾಗಿ ನೆನಪಾಯಿತು. ದೂರದಲ್ಲಿ ಬಿಳಿ ಪ್ಯಾಂಟಿನವನೊಬ್ಬ ಬಂಡೆಯ ಪಕ್ಕದ ಮರಳಿಗಿಳಿದ. ಕೋಲು ಬೀಸಿದ, ಮರಳು ಚಿಮ್ಮಿತು. ಜೊತೆಯವರು ಚಪ್ಪಾಳೆ ತಟ್ಟಿದರು. ಅವನು ಮೇಲೆ ಹತ್ತಿ ಹೋದ. ಹೆಜ್ಜೆಗಳು ಹಾಗೇ ಉಳಿದವು, ಅಳಿಸಲು ಯಾರೂ ಬರಲಿಲ್ಲ.

"ಹೊತ್ತು ಮುಳುಗ್ತದೆ," ಎಂದ ಚಿನ್ನಸ್ವಾಮಿ. "ಊರಿಗೆ ತಿರುಗೋ ಹಂಗಿಲ್ಲ. ತಪ್ಪು ನಂದೇ ಕಣಮ್ಮ. ಏನು ಮಾಡೋಣ ಹೇಳು."

ಬಂಡೆಯ ನೇರಕ್ಕೆ, ಕಾಂಪೌಂಡಿನ ಹೊರಗೆ, ಕೆರೆಯಂಗಳದ ಅಂಚಿನಲ್ಲಿ ಗುಂಡಿ ತೋಡಿದರು. ನಡುವೆ ಗೋಡೆ. ಮಾರಕ್ಕ ಹಿಡಿ ಮಣ್ಣು ಹಾಕುವಾಗ, "ಇಷ್ಟೇ ಹತ್ರ ಆಗಿದ್ದು, ಇಷ್ಟೇ," ಎಂದು ಅವನಿಗೆ ಕೇಳುವಂತೆ ಜೋರಾಗಿ ಹೇಳಿದಳು.

ಮಣ್ಣು ಮುಚ್ಚಿ ಎಲ್ಲರೂ ಹೊರಟರು. "ಬಾರಮ್ಮ. ತಿರುಗಿ ನೋಡ್ಬಾರ್ದು," ಎಂದ ಚಿನ್ನಸ್ವಾಮಿ.

"ನೀವು ನಡೀರಿ, ಭಾವ." ಅವಳು ಗೋಡೆಗೆ ಮುಖ ಮಾಡಿ, ಆಚೆ ಬಂದು ನಿಂತಿದ್ದವನನ್ನು ಕೂಗಿದಳು. "ಬೈರೇಶಾ! ನಮ್ಮೋರ ರೇಕು ಕೊಡಪ್ಪ."

ಉದ್ದ ಹಿಡಿಯ ರೇಕು ಗೋಡೆಯ ಮೇಲಿಂದ ಇಳಿದು ಬಂತು. ಹಿಡಿ ಪಿಳ್ಳಣ್ಣನ ಕೈ ತಾಗಿ ತಾಗಿ ನುಣುಪಾಗಿತ್ತು.

"ಒಳಗಿನ ಮರಳು, ಅಕ್ಕ?"

"ಅದನ್ನ ನೀನು ಎಳಿ. ಇದನ್ನ ನಾನು ಎಳೀತೀನಿ."

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮರಳು ಎಳೆಯುವ ಸದ್ದು ಕೇಳಿಸಿತು. ಮಾರಕ್ಕ ರೇಕನ್ನು ಹಸಿ ಮಣ್ಣಿನ ಮೇಲಿಟ್ಟು ತನ್ನ ಕಡೆಗೆ ಎಳೆದಳು. ಒಂದು ಹೆಜ್ಜೆ ಹಿಂದೆ ಬಂದಳು, ಮತ್ತೆ ಎಳೆದಳು. ಹೆಣ ಹೊತ್ತವರ ಹೆಜ್ಜೆ ಅಳಿಯಿತು, ಅವಳದೂ ಅಳಿಯಿತು. ಗುಡ್ಡೆಯಿಂದ ಕಣ್ಣು ಕೀಳದೆ, ಅದಕ್ಕೆ ಬೆನ್ನು ತೋರಿಸದೆ, ಅವಳು ಗೇಟಿನೆದುರಿನ ಕಲ್ಲಿನ ತನಕ ಹಾಗೇ ಹಿಂದೆ ಹಿಂದೆ ನಡೆದು ಬಂದಳು.