ಬೀಗರ ಬೆನ್ನ ಹಿಂದೆ

ಗ್ರಿಜ್ಲಿ ಕರಡಿಯ ಮಾತನ್ನು ನಮ್ಮವರು ಅದರ ಬೆನ್ನ ಹಿಂದೆ ಆಡುವುದಿಲ್ಲ. ಯಾವುದೋ ಕಾಲದಲ್ಲಿ ನಮ್ಮ ಮನೆತನದ ಹುಡುಗಿಯೊಬ್ಬಳು ಹಣ್ಣು ಕೀಳಲು ಹೋಗಿ, ಕರಡಿಯೊಬ್ಬನನ್ನು ಮದುವೆಯಾಗಿ, ಅವನ ಗವಿಯಲ್ಲೇ ಸಂಸಾರ ಹೂಡಿದಳು. ಅಂದಿನಿಂದ ಅವರು ಬೀಗರು. ಬೀಗರ ಕಿವಿ ಎಷ್ಟು ದೂರ ಕೇಳುತ್ತದೆಂದು ಹೆಣ್ಣು ಕೊಟ್ಟ ಯಾರನ್ನಾದರೂ ಕೇಳಿ.

ಯುಕಾನ್ ಸೀಮೆಯ ನಮ್ಮ ಹಣ್ಣಿನ ಕಣಿವೆಯ ನಡುವೆ ಗಣಿಯವರು ರಸ್ತೆ ಕೇಳಿದಾಗ ಈ ಮರ್ಯಾದೆ ದುಬಾರಿಯಾಯಿತು. ಊರವರ ಅಹವಾಲು ಕೇಳಲು ಹಾಲ್ಡನ್ ಎಂಬ ಸರ್ಕಾರಿ ಅಧಿಕಾರಿ ವಿಮಾನದಲ್ಲಿ ಬಂದಿಳಿದ. ಕಣಿವೆಯಲ್ಲಿ ಕರಡಿಗಳ ವಾಸವಿದೆ ಎಂದು ಬಲ್ಲವರು ಹೇಳಿಬಿಟ್ಟರೆ ರಸ್ತೆ ಬೇರೆ ಕಡೆ ತಿರುಗುತ್ತಿತ್ತು. ಬಲ್ಲವಳೆಂದರೆ ನನ್ನ ವಿನ್ನಿ ದೊಡ್ಡಮ್ಮ. ವಾರವಿಡೀ ಗೋಗರೆದು ಅವಳನ್ನು ಊರ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿದೆ.

ಅಲ್ಲಿ ಕರಡಿಗಳಿವೆಯೇ ಎಂದು ಆತ ಕೇಳಿದ. ಈ ಸಲ ಹಣ್ಣು ಚೆನ್ನಾಗಿದೆ ಎಂದಳು. ಮತ್ತೆ ಕೇಳಿದ. ಮಂಡಿನೋವಿನ ಸಂಗತಿ ಹೇಳಿದಳು. ಅವಳ ಸಂಕೋಚ ಬಿಡಿಸಲೆಂದು ಹಾಲ್ಡನ್ ತನ್ನದೇ ಕಥೆ ತೆಗೆದ: ತಾನೊಮ್ಮೆ ಬರೀ ಕೂಗಿಯೇ ಕರಡಿಯನ್ನು ಓಡಿಸಿದ್ದು, ಎಂಥ ದಡ್ಡ ಪ್ರಾಣಿ ಅದು ಎಂದೆಲ್ಲ ಹೇಳಿ ನಕ್ಕ. ದೊಡ್ಡಮ್ಮ ಎದ್ದಳು. ಹಿಂದೆಯೇ ಇಡೀ ಸಭೆ ಎದ್ದು ಹೊರಗೆ ನಡೆಯಿತು. ಯಾರ ಆಕ್ಷೇಪವೂ ಇಲ್ಲ ಎಂದು ಬರೆದುಕೊಂಡು ಆತ ವಿಮಾನ ಹತ್ತಿದ.

"ಸ್ವಲ್ಪ ಹೊತ್ತು ಕೂತಿರ್ಬೋದಿತ್ತಲ್ಲ ದೊಡ್ಡಮ್ಮ," ಎಂದೆ.

"ನಿನ್ನ ಭಾವಮೈದನ್ನ ದಡ್ಡ ಅಂದ್ರೆ ಕೂತು ಕೇಳ್ತೀಯೇನೋ?"

"ಅವನು ನಿಜವಾಗ್ಲೂ ದಡ್ಡನೇ."

"ಹಾಗಾದ್ರೆ ಎದುರಿಗೇ ಹೇಳು. ಹಿಂದಿಂದ ಬೇಡ."

ಮರುದಿನ ಬಕೆಟ್ಟು ಹಿಡಿದು ಕಣಿವೆಗೆ ಹೋದೆವು. ಎದುರಿನ ಇಳಿಜಾರಿನಲ್ಲಿ ತಾಯಿಕರಡಿಯೊಂದು ಹೆಗಲ ಗೂನು ಕುಲುಕಿಸುತ್ತ ಗೆಡ್ಡೆ ಅಗೆಯುತ್ತಿತ್ತು. ಪಕ್ಕದಲ್ಲಿ ಎರಡು ಮರಿ. ದೊಡ್ಡಮ್ಮ ಬಕೆಟ್ಟು ಕೆಳಗಿಟ್ಟಳು.

"ಅತ್ತಿಗಮ್ಮ, ನಾನು, ನಿಮ್ಮೋಳೇ."

ಆಮೇಲೆ ಅವಳ ಬಾಯಿಗೆ ಬಿಡುವಿರಲಿಲ್ಲ. ರಸ್ತೆ ಬರುತ್ತಿದೆ ಎಂದಳು. ನಿನ್ನ ಚಳಿಗಾಲದ ಗವಿಯ ಬಾಗಿಲಲ್ಲೇ ಹಾಯುತ್ತದೆ, ನಿನ್ನ ತಾಯಿ ಗೆಡ್ಡೆ ಅಗೆದ ಜಾಗ ಹೋಗುತ್ತದೆ, ಮೀನು ಹತ್ತುವ ತೊರೆ ಕಲಕಿಹೋಗುತ್ತದೆ, ನಿಮ್ಮ ಪೈಕಿಯ ಆ ಕಿವಿಹರುಕ ಮುದುಕನಿಗೂ ತಿಳಿಸಿಬಿಡು ಎಂದಳು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಇದರಲ್ಲಿ ಕಾಲು ಭಾಗ ನಿನ್ನೆ ಆಡಿದ್ದರೆ ಸಾಕಿತ್ತು.

"ಆ ಹಾಲ್ಡನ್ ಕೇಳಿದ್ದೂ ಇದನ್ನೇ ತಾನೇ?"

"ಇವಳ ಮುಂದೆ ನಿಂತು ಕೇಳಿದ್ರೆ ಹೇಳ್ತಿದ್ದೆ."

ಸಂಜೆ ಹಾಲ್ಡನ್‌ಗೆ ಫೋನು ಮಾಡಿ, ಕಣಿವೆಗೇ ಬನ್ನಿ ಎಂದು ಕೇಳಿಕೊಂಡೆ. ಮತ್ತೆ ಬರಲಾಗದು ಎಂದ. ಆದರೆ ಮನುಷ್ಯ ಕೆಟ್ಟವನಲ್ಲ. "ನೀವೇ ಕಣ್ಣಾರೆ ನೋಡಿದೀರಾ? ನೋಡಿದ್ರೆ ಹೇಳಿ, ಈಗ್ಲೇ ಬರ್ಕೋತೀನಿ," ಎಂದ.

ದೊಡ್ಡಮ್ಮ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದಳು. ಕಿಟಕಿ ಬೆಟ್ಟದ ಕಡೆಗೆ ತೆರೆದಿತ್ತು. ಬಾಯಿ ತೆರೆದೆ.

"ಈ ಸಲ ಹಣ್ಣು ಚೆನ್ನಾಗಿದೆ," ಎಂದೆ.