ಹೊಟ್ಟೆಯಲ್ಲಿ ಇಲ್ಲದ ಕಲ್ಲು

ನಾನು ಒಂದು ಪಂಪು. ಕೊಯಮತ್ತೂರಿನಲ್ಲಿ ಹುಟ್ಟಿ, ಲಾರಿಯಲ್ಲಿ ಮೈಕೈ ನೋಯಿಸಿಕೊಂಡು ಸಿಂಧನೂರಿನ ರೈಸ್ ಮಿಲ್ಲಿಗೆ ಬಂದೆ. ಬಾಯ್ಲರಿಗೆ ಬಿಸಿನೀರು ಊಡುವುದು ನನ್ನ ಕೆಲಸ. ನಾನು ನಿಂತರೆ ಭತ್ತ ಬೇಯುವುದಿಲ್ಲ. ಹಾಗಾಗಿ ನಿಲ್ಲುವ ಭಾಗ್ಯವೇ ನನಗಿರಲಿಲ್ಲ.

ಆದರೂ ಮೊದಲ ಒಂಬತ್ತು ವರ್ಷ ಸುಖವಾಗಿದ್ದೆ. ನೀರಿನ ಟ್ಯಾಂಕು ನನಗಿಂತ ಹನ್ನೆರಡು ಅಡಿ ಮೇಲಿತ್ತು. ಇನ್ನೇನು ಕುದಿಯುವಂತಿದ್ದ ನೀರು ಕೂಡ ಆ ಎತ್ತರದ ಭಾರಕ್ಕೆ ತೆಪ್ಪಗೆ ನನ್ನೊಳಗೆ ಇಳಿಯುತ್ತಿತ್ತು. ಬಾಯ್ಲರ್ ನೋಡಿಕೊಳ್ಳುವ ಮೌನೇಶಪ್ಪನಿಗೆ ಇದೆಲ್ಲ ಗೊತ್ತಿತ್ತು.

ಒಮ್ಮೆ ವಾಸ್ತು ನೋಡುವವರು ಬಂದು, ಅಗ್ನಿಮೂಲೆಯಲ್ಲಿ ನೀರು ಎತ್ತರದಲ್ಲಿದ್ದರೆ ಮಿಲ್ಲಿಗೆ ಏಳಿಗೆಯಿಲ್ಲ ಎಂದರು. ಮಾಲೀಕ ವಿರೂಪಣ್ಣ ವಾರದೊಳಗೆ ಟ್ಯಾಂಕನ್ನು ನೆಲಕ್ಕಿಳಿಸಿದರು. ಮೌನೇಶಪ್ಪ ಬೇಡವೆಂದ. ಅವನ ಮಾತು ಯಾರಿಗೆ ಬೇಕು?

ಅಂದಿನಿಂದ ನನ್ನ ಗೋಳು ಶುರು. ಮೇಲಿನಿಂದ ಒತ್ತುವ ಭಾರವಿಲ್ಲದೆ ನೀರು ನನ್ನ ಬಾಯಲ್ಲೇ ಕುದಿದು ಗುಳ್ಳೆಯಾಗುತ್ತಿತ್ತು. ಆ ಗುಳ್ಳೆಗಳು ಒಳಗಿನ ಚಕ್ರದ ಮೇಲೆ ಪಟಪಟ ಒಡೆದು ಲೋಹವನ್ನು ಚೂರುಚೂರೇ ಕಿತ್ತುಕೊಂಡು ಹೋಗುತ್ತಿದ್ದವು. ಹೊರಗಿನವರಿಗೆ ಕೇಳಿಸುತ್ತಿದ್ದದ್ದು ಜಲ್ಲಿಕಲ್ಲು ಉರುಳುವ ಸದ್ದು.

ಪಂಪಿನೊಳಗೆ ಕಲ್ಲು ಹೋಗಿದೆ, ಮೌನೇಶಪ್ಪ ನೀರು ಸೋಸುವ ಜಾಲರಿ ತೊಳೆದಿಲ್ಲ ಎಂದು ವಿರೂಪಣ್ಣ ತೀರ್ಮಾನಿಸಿದರು. ನನ್ನ ಬಾಯಿಗೆ ಇನ್ನೊಂದು ಜಾಲರಿ ಕಟ್ಟಿಸಿದರು. ಉಬ್ಬಸದವನ ಮೂಗು ಹಿಡಿದಂತಾಯಿತು. ತಿಂಗಳೊಳಗೆ ನಾನು ಕೈಚೆಲ್ಲಿದೆ. ಬಾಯ್ಲರಿನಲ್ಲಿ ನೀರು ತಳ ಮುಟ್ಟಿ ಅದು ಸಿಡಿಯುವ ಮೊದಲು ಮೌನೇಶಪ್ಪ ಒಬ್ಬನೇ ಬೆಂಕಿಯನ್ನೆಲ್ಲ ಹೊರಗೆಳೆದು ಕೈ ಸುಟ್ಟುಕೊಂಡ. ಹದಿನೇಳು ವರ್ಷ ದುಡಿದವನು. ಅವನನ್ನೇ ಕೆಲಸದಿಂದ ತೆಗೆದರು. ನಾನು ಹೇಳಲಾರದೆ ಸಂಕಟಪಟ್ಟೆ.

ನನ್ನ ಜಾಗಕ್ಕೆ ಬಂದ ಹೊಸ ಪಂಪೂ ನಲವತ್ತು ದಿನಕ್ಕೆ ಹಾಗೇ ಅರಚತೊಡಗಿತು. ಆಗ ವಿರೂಪಣ್ಣ ಮೂಲೆಗೆ ಬಿಸಾಕಿದ್ದ ನನ್ನನ್ನು ಬಿಚ್ಚಿಸಿದರು. ಒಂದು ಹರಳೂ ಸಿಗಲಿಲ್ಲ. ಚಕ್ರ ಮಾತ್ರ ಗೆದ್ದಲು ತಿಂದ ಹಲಗೆಯಂತಿತ್ತು. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿ, ಮೌನೇಶಪ್ಪನಿಗೆ ಹೇಳಿಕಳುಹಿಸಿದರು.

ಅವನು ಬಂದು ಬಾಗಿಲಲ್ಲೇ ನಿಂತ. ನಾಳೆಯಿಂದ ಕೆಲಸಕ್ಕೆ ಬಾ ಎಂದರು ವಿರೂಪಣ್ಣ.

"ಮೊದಲ ಟ್ಯಾಂಕ್ ಮ್ಯಾಲ ಏರಸ್ರಿ, ಸಾವ್ಕಾರ್ರ. ಆಮ್ಯಾಲ ಬರ್ತೀನಿ."

ಟ್ಯಾಂಕು ಏರಿತು, ಅವನೂ ಬಂದ. ಹೊಸ ಪಂಪಿಗೆ ಹೊಸ ಚಕ್ರ ಹಾಕಿದರು, ಅದೀಗ ತಣ್ಣಗೆ ದುಡಿಯುತ್ತಿದೆ. ನಾನು ಗುಜರಿ ಲಾರಿಗೆ ಕಾಯುತ್ತಿದ್ದೇನೆ. ಸಾಕಾಗಿದೆ. ಸವೆದದ್ದಕ್ಕೆ ದುಃಖವಿಲ್ಲ. ಹದಿನೇಳು ವರ್ಷ ದುಡಿದವನ ಮಾತನ್ನು ನಂಬದವರು ನನ್ನ ತೂತುಗಳನ್ನು ನಂಬಿದರಲ್ಲ, ಅದೇ ಬೇಜಾರು.