ಬೀಳದ ಒನಕೆ

ಒನಕೆ ಬೀಳಲೊಲ್ಲದು.

ಬೆಳಗಿನ ಏಳೂವರೆಗೆ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ, ನಡುವೆ ಒನಕೆ ನಿಲ್ಲಿಸಿದವಳು ಅನ್ನದಾನಮ್ಮನೇ. ಗ್ರಹಣ ಹಿಡಿದಾಗ ಒನಕೆ ನಿಲ್ಲುತ್ತದೆ, ಬಿಟ್ಟಾಗ ತಾನಾಗಿಯೇ ಬೀಳುತ್ತದೆ ಎಂಬ ಮಾತು ಆಕೆಯ ತವರಿನಿಂದ ಒನಕೆಯ ಜೊತೆಗೇ ಬಂದಿತ್ತು. ಅದು ತೊಂಬತ್ತೈದನೇ ಇಸವಿಯ ದೀವಳಿಗೆ ಅಮಾವಾಸ್ಯೆ. ಸೂರ್ಯಗ್ರಹಣ ಹತ್ತರೊಳಗೆ ಬಿಡುತ್ತದೆ ಎಂದು ರೇಡಿಯೋದವರು ಹೇಳಿದ್ದರು. ಈಗ ಹನ್ನೊಂದು. ರೇಡಿಯೋ ಬೆಂಗಳೂರಿನದು, ಒನಕೆ ಮನೆಯದು. ಅನ್ನದಾನಮ್ಮ ಒನಕೆಯನ್ನೇ ನಂಬಿದ್ದಳು.

ಒಳಕೋಣೆಯಲ್ಲಿ ಸೊಸೆ ಗೀತಾಂಜಲಿ ಅಂಗಾತ ಮಲಗಿದ್ದಳು. ಎಂಟು ತಿಂಗಳ ಬಸುರಿ. ನಿನ್ನೆ ಸಂಜೆಯಿಂದ ಅನ್ನವಿಲ್ಲ, ನಸುಕಿನಿಂದ ನೀರೂ ಇಲ್ಲ. ಕಾಲು ಮಡಚಿದರೆ ಕೂಸಿನ ಕಾಲು ಸೊಟ್ಟಗಾಗುತ್ತದೆಂದು ಮಗ್ಗುಲಾಗುವುದಕ್ಕೂ ಬಿಟ್ಟಿರಲಿಲ್ಲ. ಕಿಟಕಿಗೆ ಕರಿ ಕಂಬಳಿ ಕಟ್ಟಿತ್ತು. ಮಗ ಗುರುಬಸವರಾಜ ಮಾತ್ರ ಹೊರಗಿದ್ದ. ಕೊಟ್ಟೂರು ಬಸ್ಸಿನ ಕಂಡಕ್ಟರನಿಗೆ ಗ್ರಹಣದ ರಜೆ ಯಾರು ಕೊಡುತ್ತಾರೆ? ಗಂಡಸರ ಮೇಲೆ ಗ್ರಹಣದ ಜೋರು ಕಡಿಮೆಯೆಂದು ಅನ್ನದಾನಮ್ಮ ತಾನೇ ವಿನಾಯಿತಿ ಕೊಟ್ಟಿದ್ದಳು.

"ಅತ್ತಿ, ಒಂದು ಗುಟುಕು ನೀರು ಕೊಡ್ರಿ."

"ತಡಕೋ ಗೀತಾ. ಇನ್ನೇನು ಬಿದ್ದೇ ಬಿಡ್ತೈತಿ."

ಅನ್ನದಾನಮ್ಮ ಕೂತಲ್ಲಿ ಕೂರಲಾರಳು. ಒನಕೆಯ ಹತ್ತಿರ ಹೋಗಿ ಕೆಮ್ಮಿದಳು. ಕಾಲು ಅಪ್ಪಳಿಸಿ ನಡೆದಳು. ಕೈಯಿಂದ ತಳ್ಳಿದರೆ ಮೋಸ. ಗಾಳಿಗೆ ಬಿದ್ದರೆ ಮೋಸವಲ್ಲ. ಸೆರಗಿನಿಂದ ಗಾಳಿ ಬೀಸಿಯೂ ನೋಡಿದಳು. ಒನಕೆ ಮಿಸುಕಲಿಲ್ಲ.

"ಅತ್ತಿ, ಕಣ್ಣಿಗೆ ಕತ್ತಲಿ ಬರಾಕತ್ತೈತಿ." ಸೊಸೆಯ ದನಿ ಸಣ್ಣದಾಗಿತ್ತು. "ಮುಂಜಾನಿಂದ ಕೂಸು ಹೊಳ್ಳಿಲ್ಲ, ಒದ್ದಿಲ್ಲರಿ."

ಅನ್ನದಾನಮ್ಮ ಒಳಕೋಣೆಯ ಹೊಸ್ತಿಲಿಗೆ ಬಂದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಊರಿನ ನರ್ಸು ಹೊನ್ನೂರಮ್ಮ.

"ಬಾಗಿಲು ತಗೀರಿ ಅಮ್ಮಾ, ಗೀತಾನ ಬೀಪಿ ನೋಡಬೇಕು."

"ಗ್ರಹಣ ಬಿಟ್ಟ ಮ್ಯಾಲೆ ಬರ್ರಿ ಸಿಸ್ಟರ್."

"ಬಿಟ್ಟು ತಾಸಾತ್ರಿ! ನಾ ಬಿಸಿಲಾಗ ನಿಂತೀನಿ."

"ನಮ್ಮನ್ಯಾಗ ಇನ್ನಾ ಬಿಟ್ಟಿಲ್ಲ."

"ಊರಿಗೆಲ್ಲಾ ಒಂದು ಗ್ರಹಣ, ನಿಮ್ಮ ಮನಿಗೆ ಬ್ಯಾರೆ ಗ್ರಹಣ ಏನ್ರಿ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಅನ್ನದಾನಮ್ಮ ಸುಮ್ಮನಿರುತ್ತಿರಲಿಲ್ಲ. ಇವತ್ತು ಓಡಿಹೋಗಿ ಚಿಲಕ ತೆಗೆದಳು. "ಕೂಸು ಹೊಳ್ಳಿಲ್ಲಂತ ಸಿಸ್ಟರ್..."

ಹೊನ್ನೂರಮ್ಮ ಒನಕೆಯ ಕಡೆ ನೋಡಲೂ ಇಲ್ಲ. ಗೀತಾಂಜಲಿಯನ್ನು ಎಡ ಮಗ್ಗುಲಿಗೆ ತಿರುಗಿಸಿದಳು. ಸಕ್ಕರೆ, ಚಿಟಿಕೆ ಉಪ್ಪು ಹಾಕಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹೊಟ್ಟೆಗೆ ಕೊಳವೆಯಿಟ್ಟು ಕಿವಿಗೊಟ್ಟಳು.

"ಕೂಸಿನ ಎದಿ ಬಡಿತ ಕೇಳತೈತಿ. ಅರ್ಧ ತಾಸು ನೋಡೋಣು. ಕೂಸು ಹೊಳ್ಳಲಿಲ್ಲ ಅಂದ್ರ ಕೂಡ್ಲಿಗಿ ದವಾಖಾನಿಗೆ ನಡೀರಿ. ಒನಕಿ ಬಿದ್ರೂ ಸೈ, ಬೀಳದಿದ್ರೂ ಸೈ."

ಮೂವರೂ ಕಾದರು. ಆಗ ಗೀತಾಂಜಲಿ ಹೆದರುತ್ತಲೇ ಬಾಯಿಬಿಟ್ಟಳು. "ಅತ್ತಿ, ಬೈಬ್ಯಾಡ್ರಿ. ಕಂಬಳಿಗೆ ನುಸಿ ತಿಂದ ತೂತು ಐತಿ. ಅದರಾಗಿಂದ ಗೋಡಿ ಮ್ಯಾಲೆ ರೂಪಾಯಿಯಷ್ಟು ಬೆಳಕು ಬಿದ್ದಿತ್ತು. ಮೊದಲು ದುಂಡಗಿತ್ತು. ಆಮ್ಯಾಲೆ ಯಾರೋ ಕಡದಂಗಾತು, ಚೌತಿ ಚಂದ್ರನಂಗಾತು. ಈಗ ನೆಲಕ್ಕಿಳದೈತಿ ನೋಡ್ರಿ, ಮತ್ತ ದುಂಡಗ."

"ಅಯ್ಯೋ ಶಿವನ! ಗ್ರಹಣಾನ ನೋಡಿಬಿಟ್ಟಿಯೇನ?"

"ಸೂರ್ಯನ್ನ ನೋಡಿಲ್ಲ, ಗೋಡಿ ನೋಡ್ಯಾಳ. ಹಂಗ ನೋಡಿದ್ರ ಕಣ್ಣಿಗೆ ಏನೂ ಆಗಂಗಿಲ್ಲ" ಎಂದು ಹೊನ್ನೂರಮ್ಮ ನಕ್ಕಳು. "ಗ್ರಹಣ ಒಳಗ ಬರಬಾರದಂತ ನೀವು ಕಂಬಳಿ ಕಟ್ಟಿದ್ರಿ. ಆ ಕಂಬಳೀನ ಅದನ್ನ ಕರಕೊಂಡು ಬಂತು."

ಆಕೆ ಕಂಬಳಿ ಬಿಚ್ಚಿದಳು. ಕೋಣೆಗೆ ಬಿಸಿಲು ಬಿತ್ತು. ಅನ್ನದಾನಮ್ಮನನ್ನು ಕಿಟಕಿಗೆ ಎದುರಾಗಿ ಕೂರಿಸಿದಳು.

"ಕಿಟಕಿ ಸೂರ್ಯ. ನೀವು ಭೂಮಿ. ನಾ ಚಂದ್ರ." ನಡುವೆ ಬಂದು ನಿಂತಳು. "ನನ್ನ ನೆರಳು ನಿಮ್ಮ ಮಾರಿ ಮ್ಯಾಲೆ ಬಿತ್ತಲ್ಲ? ಇದಾ ಸೂರ್ಯಗ್ರಹಣ. ಅಮಾಸಿಗಷ್ಟ ಚಂದ್ರ ಹಿಂಗ ನಡುವ ಬರೋದು." ಆಮೇಲೆ ಅನ್ನದಾನಮ್ಮನ ಬೆನ್ನಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. "ಈಗ ನಿಮ್ಮ ನೆರಳು ನನ್ನ ಮ್ಯಾಲೆ. ಇದು ಚಂದ್ರಗ್ರಹಣ. ಇದು ಹುಣ್ಣಿಮಿಗೆ."

"ಹಂಗಾದ್ರ ಪ್ರತಿ ಅಮಾಸಿಗೂ ಯಾಕ ಹಿಡಿಯವಲ್ಲದು?" ಅನ್ನದಾನಮ್ಮ ಸುಲಭಕ್ಕೆ ಬಗ್ಗುವವಳಲ್ಲ.

"ಚಂದ್ರನ ದಾರಿ ಒಂದೀಟು ಓರೆ ಐತ್ರಿ. ಬಾಳ ಸಲ ಸೂರ್ಯನ ಮ್ಯಾಲೋ ಕೆಳಗೋ ಹಾದು ಹೋಗ್ತಾನ. ನೆಟ್ಟಗ ಅಡ್ಡ ಬಂದ ದಿನ ಗ್ರಹಣ. ಈಗ ಹೇಳ್ರಿ, ನನ್ನ ನೆರಳು ಬಿದ್ದಿದ್ದಕ್ಕ ನಿಮ್ಮ ಹೊಟ್ಟಿಗೆ ಏನರ ಆತೇನು?"

ಉತ್ತರ ಬಂದದ್ದು ಬೇರೆ ಕಡೆಯಿಂದ. "ಅತ್ತಿ!" ಗೀತಾಂಜಲಿ ಅತ್ತೆಯ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒಂದು ಒದೆ. ಹಿಂದೆಯೇ ಇನ್ನೊಂದು.

ಅನ್ನದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಡಸಾಲೆಗೆ ಬಂದಳು. ಒನಕೆ ನಿಂತೇ ಇತ್ತು.

"ಮತ್ತ ಇದ್ಯಾಕ ಬೀಳವಲ್ಲದು?"

"ಬುಡ ಸಪಾಟ ಐತಿ, ನಿಂತೈತಿ. ಗ್ರಹಣ ಇಲ್ಲದ ದಿನ ನಿಲ್ಲಿಸಿ ನೋಡ್ರಿ."

ಅನ್ನದಾನಮ್ಮ ಎರಡೂ ಕೈಯಿಂದ ಒನಕೆಯನ್ನೆತ್ತಿ ಮೂಲೆಗೆ ಒರಗಿಸಿದಳು, ಸೊಸೆಗೆ ಅನ್ನಕ್ಕಿಡಲು ಒಲೆಯ ಕಡೆ ನಡೆದಳು. ನಾಲ್ಕು ದಿನ ಬಿಟ್ಟು, ಮನೆಯಲ್ಲಿ ಯಾರೂ ಇಲ್ಲದಾಗ ಮತ್ತೆ ನಿಲ್ಲಿಸಿ ನೋಡಿದಳು. ಆಕಾಶದಲ್ಲಿ ಸೂರ್ಯ ದುಂಡಗೆ ಉರಿಯುತ್ತಿದ್ದ. ಒನಕೆ ನೆಟ್ಟಗೆ ನಿಂತಿತು. "ಕಳ್ಳಮುಂಡೇದೇ" ಎಂದು ಬೈದು, ಒನಕೆ ಗ್ರಹಣವಿಲ್ಲದೆಯೂ ನಿಲ್ಲುತ್ತದೆಂದು ಸಂಜೆ ತಾನಾಗಿಯೇ ಮಗನಿಗೂ ಹೇಳಿದಳು. ಮುಂದಿನ ತಿಂಗಳು ಹುಟ್ಟಿದ ಕೂಸಿನ ಕೈಕಾಲು ಎಲ್ಲಾ ನೆಟ್ಟಗಿದ್ದವು.

ಅಕ್ಕಂದಿರೇ, ಅತ್ತೆಯಂದಿರೇ, ಗ್ರಹಣ ನಿಮ್ಮೂರಿಗೂ ಬರುತ್ತದೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆಯೂ ಬೇಡ. ರಟ್ಟಿಗೆ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಕೊಟ್ಟು, ಗೋಡೆಯ ಮೇಲೆ ಬೀಳುವ ಬೆಳಕನ್ನು ನೋಡಿ. ಚಂದ್ರಗ್ರಹಣವನ್ನಾದರೆ ಅಂಗಳದಲ್ಲಿ ಕೂತು ಕಣ್ತುಂಬ ನೋಡಬಹುದು. ಬಸುರಿಗೆ ಎಂದಿನಂತೆ ಊಟ, ನೀರು ಕೊಡಿ. ಕೂಸಿನ ಹೊರಳಾಟ ಕಡಿಮೆಯಾಯಿತೆಂದು ಆಕೆ ಹೇಳಿದರೆ ಆ ಕ್ಷಣವೇ ದವಾಖಾನೆಗೆ ಕರೆದೊಯ್ಯಿರಿ. ಒನಕೆಯನ್ನು ನೋಡುತ್ತ ಕೂರಬೇಡಿ. ಅದಕ್ಕೆ ಯಾವ ಅವಸರವೂ ಇಲ್ಲ.